‘ಹೆಚ್ಚುಕಮ್ಮಿಯಾದರೆ’: ವಲಸೆ ಬಂದ ಹಿರಿಯರೊಡನೆ ಕೊನೆಗಾಲದ ಮಾತನ್ನು ತೆಗೆಯುವ ಹೊತ್ತು

ವಯಸ್ಸಾದವರ ಆರೈಕೆ ಮಾಡುವವರು ಅವರೊಡನೆ ಕೊನೆಗಾಲದ ಏರ್ಪಾಡುಗಳ ಬಗ್ಗೆ ಯಾವಾಗ ಮಾತು ತೆಗೆಯಬೇಕು ಎಂಬ ಪ್ರಶ್ನೆಗೆ ವೈದ್ಯಕೀಯ ಬರಹಗಳು ಸಾಮಾನ್ಯವಾಗಿ ಕಾಯಿಲೆಯ ಹಂತವನ್ನು ಹಿಡಿದು ಉತ್ತರ ಕೊಡುತ್ತವೆ. ‘ಈ ರೋಗಿ ಇನ್ನು ಹನ್ನೆರಡು ತಿಂಗಳೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದೆಯೆ?’ ಎಂದು ವೈದ್ಯರು ತಮ್ಮನ್ನೇ ಕೇಳಿಕೊಳ್ಳಬೇಕು, ಇಲ್ಲ ಎಂಬ ಉತ್ತರ ಬಂದರೆ ಮಾತು ಆರಂಭಿಸಬೇಕು ಎಂಬುದು ಬಹುವಾಗಿ ಬಳಕೆಯಲ್ಲಿರುವ ಒಂದು ಒರೆಗಲ್ಲು. ಭಾಷಾವಿಜ್ಞಾನದ ಕಡೆಯಿಂದ ನೋಡಿದರೆ ಈ ಉತ್ತರ ಅರ್ಧ ಮಾತ್ರ. ಮಾತನ್ನು ತೆಗೆಯಲು ಒಂದು ಭಾಷೆ ಬೇಕು, ಆ ಭಾಷೆಯಲ್ಲಿ ಅದಕ್ಕೆ ಒದಗುವ ವಾಕ್ಯ ಬೇಕು, ಆ ವಾಕ್ಯವನ್ನು ಆಡುವ ಅಧಿಕಾರ ಯಾರಿಗಿದೆ ಎಂಬುದು ಇತ್ಯರ್ಥವಾಗಬೇಕು. ಹಿರಿಯರು ವಲಸೆ ಬಂದವರಾಗಿದ್ದು, ಆರೈಕೆದಾರರ ಮನೆಮಾತು ಬೇರೆಯಾಗಿದ್ದಾಗ ಈ ಮೂರೂ ಒಟ್ಟಿಗೆ ತೊಡಕಾಗುತ್ತವೆ. ಮಾತಿನ ಹೊತ್ತನ್ನು ನಿರ್ಧರಿಸುವುದು ರೋಗದ ಗತಿಯಷ್ಟೇ ಅಲ್ಲ, ವ್ಯಾಕರಣವೂ ಹೌದು ಎಂಬುದು ಈ ಲೇಖನದ ವಾದ.

ವಾದಕ್ಕೆ ನೆಲೆಯಾಗಿ ಹನೂರು ಸೀಮೆಯನ್ನು ಆಯ್ದುಕೊಂಡಿದೆ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ ಸಿಗುತ್ತದೆ. ಈ ಭಾಗವನ್ನೊಳಗೊಂಡ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡ, ತಮಿಳು, ದಖನಿ ಉರ್ದು, ಕಾಡಿನಂಚಿನಲ್ಲಿ ಸೋಲಿಗರ ನುಡಿ ಇಲ್ಲಿ ಅಕ್ಕಪಕ್ಕದಲ್ಲಿ ಬಾಳಿವೆ. (ಸೌಜನ್ಯದ ಬಗ್ಗೆ ಬ್ರೌನ್ ಮತ್ತು ಲೆವಿನ್ಸನ್ ಕಟ್ಟಿದ ಸಿದ್ಧಾಂತದ ಮೂರು ಆಧಾರಭಾಷೆಗಳಲ್ಲಿ ಒಂದು ಕೊಯಮತ್ತೂರು ಜಿಲ್ಲೆಯ ಹಳ್ಳಿಯೊಂದರ ತಮಿಳು ಎಂಬುದನ್ನು ಇಲ್ಲಿ ನೆನೆಯಬಹುದು. ಆ ಸಿದ್ಧಾಂತದ ನೆಲ ಈ ಸೀಮೆಗೆ ದೂರದ್ದಲ್ಲ.) ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1974ರಲ್ಲಿ ಧೋಂಡೆನ್‌ಲಿಂಗ್ ಎಂಬ ಟಿಬೆಟನ್ ನೆಲೆ ಸ್ಥಾಪನೆಯಾಯಿತು. ಬೈಲಕುಪ್ಪೆ, ಮುಂಡಗೋಡು, ಹುಣಸೂರುಗಳ ನೆಲೆಗಳ ನಂತರ ಕರ್ನಾಟಕದಲ್ಲಿ ತಲೆಯೆತ್ತಿದ ನೆಲೆ ಇದು. 1959ರಲ್ಲಿ ಇಪ್ಪತ್ತರ ಹರೆಯದಲ್ಲಿ ಹಿಮಾಲಯ ದಾಟಿ ಬಂದವರಿಗೆ ಈಗ ಎಂಬತ್ತೈದು ಮೀರಿದೆ. ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರು ನಗರಗಳಿಗೆ, ವಿದೇಶಗಳಿಗೆ ಹೋಗಿದ್ದಾರೆ. ನೆಲೆಯೊಳಗೆ ಟಿಬೆಟನ್ ಬಲ್ಲ ಆರೈಕೆದಾರರು ಸಿಗಬಹುದು. ಆದರೆ ಪಾರ್ಶ್ವವಾಯು ಬಡಿದು ಹೊರಗಿನ ಆಸ್ಪತ್ರೆಗೆ ಬಂದ ಕ್ಷಣದಿಂದ ಹಾಸಿಗೆಯ ಪಕ್ಕದ ಭಾಷೆ ಕನ್ನಡವೋ ತಮಿಳೋ ಆಗಿಬಿಡುತ್ತದೆ.

ಮುಂದೆ ಕೊಡುವ ಕನ್ನಡ ವಾಕ್ಯಗಳು ಧ್ವನಿಮುದ್ರಿತ ಸಾಮಗ್ರಿಯಲ್ಲ. ಕನ್ನಡ ಮಾತುಗಾರರ ಭಾಷಾಪ್ರಜ್ಞೆಯನ್ನು ಆಧರಿಸಿ ವಿಶ್ಲೇಷಣೆಗಾಗಿ ರಚಿಸಿಕೊಂಡವು.

ಹಿನ್ನೋಟದ ಸೌಮ್ಯೋಕ್ತಿಗಳು

ಸಾವನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ತೀರಿಕೊಂಡರು, ಹೋಗಿಬಿಟ್ಟರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು, ಶಿವನ ಪಾದ ಸೇರಿದರು. ತಮಿಳಿನ ‘ತವರಿಟ್ಟಾರು’, ಉರ್ದುವಿನ ‘ಇಂತಿಖಾಲ್’ ಕೂಡ ಇದೇ ಕೆಲಸ ಮಾಡುತ್ತವೆ. ಈ ಸಂಪತ್ತನ್ನು ಕಂಡು ಆರೈಕೆದಾರರಿಗೆ ಮಾತು ಸುಲಭವಾದೀತು ಎಂದುಕೊಂಡರೆ ಅದು ಭ್ರಮೆ. ಇವೆಲ್ಲವೂ ಸಾವು ಸಂಭವಿಸಿದ ಮೇಲೆ ಪ್ರಥಮಪುರುಷದಲ್ಲಿ, ಭೂತಕಾಲದಲ್ಲಿ ಆಡಲು ಹುಟ್ಟಿದವು. ಅವನ್ನೇ ಮಧ್ಯಮಪುರುಷಕ್ಕೂ ಮುಂದಿನ ಕಾಲಕ್ಕೂ ತಿರುಗಿಸಿ ನೋಡಬಹುದು:

(1) ಪಕ್ಕದ ಮನೆ ತಾತ ಹೋದ ವರ್ಷ ತೀರಿಕೊಂಡರು.
(2) ಅಜ್ಜಿ, ನೀವು ತೀರಿಕೊಂಡರೆ ಯಾರಿಗೆ ಹೇಳಿ ಕಳಿಸೋಣ?

(2) ವ್ಯಾಕರಣಕ್ಕೆ ತಪ್ಪಿಲ್ಲ. ಆದರೂ ಯಾವ ಶುಶ್ರೂಷಕಿಯೂ ಇದನ್ನು ಆಡಲಾರಳು. ಆಡಿದರೆ ಮನೆಯವರು ಎದ್ದು ನಿಲ್ಲುತ್ತಾರೆ. (1)ರಲ್ಲಿ ಮಾತನ್ನು ಮೆತ್ತಗೆ ಮಾಡಿದ ಪದವೇ (2)ರಲ್ಲಿ ಇರಿಯುತ್ತದೆ. ಮೃದುತ್ವ ಪದದ ಗುಣವಲ್ಲ, ಪುರುಷ ಮತ್ತು ಕಾಲಗಳೊಡನೆ ಆ ಪದ ಕೂಡುವ ರೀತಿಯ ಗುಣ. ನಮ್ಮ ನಿಘಂಟುಗಳು ಈ ಪದಗಳನ್ನು ‘ಸಾಯು’ವಿನ ಪರ್ಯಾಯಗಳೆಂದು ಪಟ್ಟಿ ಮಾಡಿ ಸುಮ್ಮನಾಗುವುದರಿಂದ ಈ ನಿರ್ಬಂಧ ಕಣ್ಣಿಗೆ ಬೀಳುವುದಿಲ್ಲ.

ಮುಂದಾಗಬಹುದಾದದ್ದನ್ನು ಕೇಳುಗರಿಗೇ ಹೇಳಬೇಕಾದಾಗ ಕನ್ನಡ ಒದಗಿಸುವುದು ಬೇರೆಯೇ ಸಾಧನವನ್ನು:

(3) ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಯಾರಿಗೆ ಹೇಳಿ ಕಳಿಸೋಣ, ಅಜ್ಜಿ?

ಇಲ್ಲಿ ಕರ್ತೃ ವ್ಯಕ್ತಿಯಲ್ಲ, ‘ಹೆಚ್ಚುಕಮ್ಮಿ’. ಕ್ರಿಯಾಪದ ‘ಆಗು’. ಅಜ್ಜಿ ಸಂಬೋಧನೆಯಲ್ಲಿದ್ದಾರೆ, ಘಟನೆಯೊಳಗಿಲ್ಲ. ‘ನಿಮಗೆ’ ಎಂಬ ಚತುರ್ಥಿಯನ್ನು ಸೇರಿಸಿದೊಡನೆ ವಾಕ್ಯ ಗಡಸಾಗುತ್ತದೆ. ಅದನ್ನು ಬಿಟ್ಟಾಗಲೇ ಅದು ಆಡಬಲ್ಲ ಮಾತು. ಆದರೆ ಈ ಸೌಜನ್ಯಕ್ಕೆ ತೆರಬೇಕಾದ ಬೆಲೆ ಅಸ್ಪಷ್ಟತೆ. ಬಚ್ಚಲಲ್ಲಿ ಜಾರಿ ಬೀಳುವುದೂ ಹೆಚ್ಚುಕಮ್ಮಿಯೇ, ಪ್ರಜ್ಞೆ ತಪ್ಪುವುದೂ ಹೆಚ್ಚುಕಮ್ಮಿಯೇ, ಪ್ರಾಣ ಹೋಗುವುದೂ ಹೆಚ್ಚುಕಮ್ಮಿಯೇ.

ಕಾನೂನು ಬೇಡುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ‘ಕಾಮನ್ ಕಾಸ್’ ಪ್ರಕರಣದಲ್ಲಿ ಮುಂಚಿತ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಯಾವ ಸ್ಥಿತಿಯಲ್ಲಿ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂಬುದು ಬರಹದಲ್ಲಿರಬೇಕು, ಸೂಚನೆಗಳು ಸಂದಿಗ್ಧಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿರಬೇಕು ಎಂದು ವಿಧಿಸಿತು. 2023ರ ಜನವರಿ 24ರಂದು ವಿಧಾನ ಸರಳವಾಗಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕೆಂದಾಯಿತು. ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು. ಈ ಹಕ್ಕಿನ ಮೂಲವಾದ ಸಂವಿಧಾನದ 21ನೆಯ ವಿಧಿ ಹೇಳುವುದು ‘ವ್ಯಕ್ತಿ’ಯ ಬಗ್ಗೆ, ನಾಗರಿಕನ ಬಗ್ಗೆ ಮಾತ್ರವಲ್ಲ. ಆದ್ದರಿಂದ ಒಡೆಯರಪಾಳ್ಯದ ಹಿರಿಯರು ಅದರ ಹೊರಗಿನವರಲ್ಲ.

‘ಹೆಚ್ಚುಕಮ್ಮಿ’ಯಿಂದ ‘ಕೃತಕ ಉಸಿರಾಟದ ಯಂತ್ರ ಬೇಡ’ ಎಂಬಲ್ಲಿಗೆ ಒಂದೇ ನೆಗೆತದಲ್ಲಿ ಹೋಗಲಾಗದು. ಅರ್ಥವನ್ನು ಹಂತಹಂತವಾಗಿ ಕಿರಿದು ಮಾಡುತ್ತ ಹೋಗಬೇಕು, ಪ್ರತಿ ಹಂತದಲ್ಲೂ ಕಿರಿದು ಮಾಡುವವರು ಹಿರಿಯರೇ ಆಗಿರಬೇಕು. ಇದು ಒಂದು ಕೂತದ ಕೆಲಸವಲ್ಲ. ಬೇಗ ಆರಂಭಿಸಬೇಕು ಎಂಬುದಕ್ಕೆ ನಾನು ಕೊಡುವ ಮೊದಲ ಕಾರಣ ಇದು. ರೋಗ ಬೇಗ ಬೆಳೆಯುತ್ತದೆ ಎಂಬುದಕ್ಕಿಂತ ಅರ್ಥ ನಿಧಾನವಾಗಿ ತಿಳಿಯಾಗುತ್ತದೆ ಎಂಬುದು ಮುಖ್ಯ.

‘ಮೇಲೆ’ ಮತ್ತು ‘ಬಿಡ್ತು ಅನ್ನಿ’

ಹಿರಿಯರ ಮಾತನ್ನು ಗಮನಿಸಿದರೆ ಅವರು ‘-ಅರೆ’ ಪ್ರತ್ಯಯದ ಪಕ್ಷಾರ್ಥಕವನ್ನು ಬಿಟ್ಟು ಇನ್ನೊಂದು ರಚನೆಗೆ ಹೋಗುವುದು ಕಾಣುತ್ತದೆ:

(4) ನಾನು ಹೋದ ಮೇಲೆ ಈ ಹಸುಗಳನ್ನ ಯಾರು ನೋಡ್ಕೊತಾರೆ?

‘ಹೋದರೆ’ ಎಂಬುದು ಆಗಬಹುದು, ಆಗದಿರಬಹುದು ಎನ್ನುತ್ತದೆ. ‘ಹೋದ ಮೇಲೆ’ ಆಗುವುದನ್ನು ಪೂರ್ವಗೃಹೀತವಾಗಿಟ್ಟುಕೊಂಡು ಆಮೇಲಿನದನ್ನು ಕೇಳುತ್ತದೆ. ಉತ್ತಮಪುರುಷದಲ್ಲಿ ಇದು ಸಹಜ, ದಿನವೂ ಕಿವಿಗೆ ಬೀಳುವ ಮಾತು. ‘ನೀವು ಹೋದ ಮೇಲೆ’ ಎಂದು ಕಿರಿಯರು ಅಂದರೆ ಅದು ಅಮಂಗಳ. ಅಲಂಕಾರಶಾಸ್ತ್ರ ಅಶ್ಲೀಲದೋಷವನ್ನು ವ್ರೀಡೆ, ಜುಗುಪ್ಸೆ, ಅಮಂಗಳ ಎಂದು ಮೂರಾಗಿ ವಿಂಗಡಿಸಿತು. ಸಾವಿನ ಸೂಚನೆಯನ್ನು ಅದು ಲಜ್ಜಾಸ್ಪದದ ಪಕ್ಕದಲ್ಲೇ ಇಟ್ಟಿತು ಎಂಬುದು ಅರ್ಥಪೂರ್ಣ. ಒಟ್ಟಿನಲ್ಲಿ ‘ಮೇಲೆ’ಯನ್ನು ಮೊದಲು ಬಳಸುವ ಹಕ್ಕು ಸಾಯುವ ವ್ಯಕ್ತಿಗೇ ಮೀಸಲು.

ಕೊನೆಗಾಲದ ಮಾತು ಆರಂಭವಾಗುವುದು ಆರೈಕೆದಾರರು ಕೇಳಿದಾಗಲಲ್ಲ, ಹಿರಿಯರು (4)ರಂತಹ ವಾಕ್ಯವನ್ನು ಆಡಿದಾಗ. ಬಹುಪಾಲು ಸಂದರ್ಭಗಳಲ್ಲಿ ಅದು ಆಗಲೇ ಆರಂಭವಾಗಿರುತ್ತದೆ. ನಾವು ಕೇಳಿಸಿಕೊಂಡಿರುವುದಿಲ್ಲ ಅಷ್ಟೆ. ಇಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿರುತ್ತೇವೆ:

(5) ಬಿಡ್ತು ಅನ್ನಿ ಅಜ್ಜಿ! ನಿಮಗೇನಾಗಿದೆ? ಇನ್ನೂ ನೂರು ವರ್ಷ ಇರ್ತೀರಿ.

‘ಬಿಡ್ತು ಅನ್ನಿ’ ಆಸ್ಟಿನ್ನನ ಅರ್ಥದಲ್ಲಿ ಪಕ್ಕಾ ಉಕ್ತಿಕ್ರಿಯೆ. ಅದು ಹೇಳಿದ ಮಾತಿಗೆ ಉತ್ತರವಲ್ಲ, ಹೇಳಿದವರಿಂದಲೇ ಆ ಮಾತನ್ನು ವಾಪಸು ಪಡೆಯುವ ಅಪ್ಪಣೆ. ‘ಬಿಡ್ತು’ ಎಂದು ಹೇಳಿದ ಕೂಡಲೇ ಆಡಿದ್ದು ಆಡದಂತಾಗುತ್ತದೆ. ಸಂಸ್ಕೃತ ನಾಟಕಗಳ ‘ಶಾಂತಂ ಪಾಪಂ’ ಇದರ ಹಿರಿಯ ಬಂಧು. ಇದರ ಹಿಂದಿರುವುದು ನುಡಿ ನಿಜವಾದೀತೆಂಬ ಅಂಜಿಕೆ. ಮೇಲೆ ದೇವತೆಗಳು ‘ಅಸ್ತು’ ಅನ್ನುತ್ತಿರುತ್ತಾರೆ ಎಂದು ಮನೆಗಳಲ್ಲಿ ಮಕ್ಕಳನ್ನು ಗದರಿಸುವುದು ಇದೇ ಅಂಜಿಕೆಯಿಂದ. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವುದು, ದೀಪವನ್ನು ‘ಆರಿಸು’ ಎನ್ನದೆ ‘ದೊಡ್ಡದು ಮಾಡು’ ಎನ್ನುವುದು ಈ ಮನೋಧರ್ಮದ್ದೇ. ಇದು ಕನ್ನಡದ ವಿಚಿತ್ರವೇನಲ್ಲ. 1995ರಲ್ಲಿ ಕ್ಯಾರೀಸ್ ಮತ್ತು ರೋಡ್ಸ್ ಅಮೆರಿಕದ ನವಾಹೋ ಸಮುದಾಯದ ಬಗ್ಗೆ ಬರೆದ ಪ್ರಬಂಧ ಮುಂದಿನ ಕೇಡನ್ನು ನುಡಿಯುವುದೇ ಕೇಡನ್ನು ತರುತ್ತದೆ ಎಂಬ ನಂಬಿಕೆಯನ್ನು ದಾಖಲಿಸಿತು. ಮುಂಚಿತ ನಿರ್ದೇಶನದ ಮಾತು ಅಲ್ಲಿ ಹಿತದ ಬದಲು ಹಾನಿ ಮಾಡಬಹುದೆಂದೂ ಎಚ್ಚರಿಸಿತು. ಅದೇ ವರ್ಷ ಬ್ಲ್ಯಾಕ್‌ಹಾಲ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ 800 ಹಿರಿಯರನ್ನು ಕೇಳಿದಾಗ, ಹಬ್ಬಿದ ಕ್ಯಾನ್ಸರನ್ನು ರೋಗಿಗೆ ತಿಳಿಸಬೇಕೆಂದವರು ಐರೋಪ್ಯ ಮೂಲದವರಲ್ಲಿ ಶೇ. 87, ಕೊರಿಯನ್ ಮೂಲದವರಲ್ಲಿ ಶೇ. 47.

ಇಂತಹ ಅಂಕಿಗಳಿಂದ ‘ವಲಸೆ ಬಂದ ಹಿರಿಯರು ಸಾವಿನ ಮಾತನ್ನು ಒಲ್ಲರು’ ಎಂಬ ತೀರ್ಮಾನಕ್ಕೆ ಬರುವುದು ವಾಡಿಕೆ. ನನಗೆ ಅದು ಒಪ್ಪಿಗೆಯಾಗದು. (4) ಮತ್ತು (5)ನ್ನು ಒಟ್ಟಿಗಿಟ್ಟು ನೋಡಿದರೆ ಒಲ್ಲದವರು ಹಿರಿಯರಲ್ಲ, ಕೇಳುವವರು. ‘ಬಿಡ್ತು ಅನ್ನಿ’ ಹಿರಿಯರನ್ನು ಕಾಯುತ್ತದೆ ಎಂದು ತೋರಿದರೂ ಅದು ಕಾಯುವುದು ಕೇಳಿಸಿಕೊಂಡವರನ್ನು.

ಟಿಬೆಟನ್ ಮಗ್ಗುಲು

ಈಗ ಅಜ್ಜಿ ಟಿಬೆಟನ್ ಮಾತನಾಡುವವರು, ಎದುರಿಗಿರುವ ಶುಶ್ರೂಷಕಿ ಕನ್ನಡದವಳು ಎಂದಿಟ್ಟುಕೊಳ್ಳೋಣ. ಟಿಬೆಟನ್ ಬೌದ್ಧ ಪರಂಪರೆಯಲ್ಲಿ ‘ಮಿತಕ್‌ಪ’, ಅಂದರೆ ಅನಿತ್ಯತೆಯ ಚಿಂತನೆ, ಸಾಧನೆಯ ಒಂದು ಅಂಗ. ಸಾವಿನ ಗಳಿಗೆಯ ಮನಃಸ್ಥಿತಿಗೆ ಅಲ್ಲಿ ಬಹಳ ತೂಕವಿದೆ. ಉಸಿರು ನಿಂತ ಮೇಲೂ ದೇಹವನ್ನು ಕೆಲಕಾಲ ಅಲುಗಿಸಬಾರದೆಂಬ ನಡಾವಳಿಯಿದೆ, ನಲವತ್ತೊಂಬತ್ತು ದಿನಗಳ ಕ್ರಿಯೆಗಳಿವೆ. ಹೀಗಾಗಿ ಸಾವು ಅಲ್ಲಿ ಮುಚ್ಚುಮರೆಯ ವಿಷಯವಲ್ಲ ಎನ್ನಬಹುದು. ಆದರೆ ‘ಎಲ್ಲವೂ ಅನಿತ್ಯ’ ಎಂಬ ಸಾಮಾನ್ಯೋಕ್ತಿ ಒಂದು, ‘ನಿಮಗೆ’ ಎಂದು ಬೆರಳು ಮಾಡುವ ವಾಕ್ಯ ಇನ್ನೊಂದು. ಎರಡನ್ನೂ ಬೇರ್ಪಡಿಸುವುದು ಧರ್ಮವಲ್ಲ, ಭಾಷೆ.

ಟಿಬೆಟನ್ನಿನಲ್ಲಿ ‘ಶೇಸ’ ಎಂಬ ಗೌರವಸೂಚಕ ಪದಕೋಶವಿದೆ. ಕನ್ನಡದ ‘ಅವರು’, ‘-ಇರಿ’ಗಳಂತೆ ಪ್ರತ್ಯಯಗಳಲ್ಲಿ ಮುಗಿಯದೆ ಅದು ಕ್ರಿಯಾಪದವನ್ನೇ ಬದಲಿಸುತ್ತದೆ. ಸಾಯು ಎಂಬುದಕ್ಕೆ ಸಾಮಾನ್ಯ ಪದ ‘ಶಿ’, ಗೌರವದ ಪದ ‘ಡ್ರೊಂಗ್’. ಗೌರವರೂಪವನ್ನು ತನಗೆ ತಾನೇ ಬಳಸಿಕೊಳ್ಳುವಂತಿಲ್ಲ. ಆದ್ದರಿಂದ ಹಿರಿಯರು ತಮ್ಮ ಸಾವನ್ನು ‘ಶಿ’ ಎಂದೇ ಹೇಳುತ್ತಾರೆ. ಕೇಳಿದವರು ಅದೇ ಪದವನ್ನು ಅವರಿಗೆ ತಿರುಗಿಸಿ ಆಡಿದರೆ ಅದು ಅಗೌರವ. ಕನ್ನಡದ ‘ಮೇಲೆ’ಯಲ್ಲಿ ಕಂಡ ಅಸಮತೆಯೇ ಇಲ್ಲಿ ಪದಕೋಶದಲ್ಲಿ ಮೂಡಿದೆ. ‘ರೋಗಿ ಬಳಸಿದ ಪದವನ್ನೇ ನೀವೂ ಬಳಸಿ’ ಎಂಬುದು ಸಂವಹನ ತರಬೇತಿಗಳಲ್ಲಿ ಚಾಲ್ತಿಯಲ್ಲಿರುವ ಸಲಹೆ. ಈ ಎರಡು ಭಾಷೆಗಳಲ್ಲಿಯೂ ಅದು ಕೈಕೊಡುತ್ತದೆ.

ನಡುವೆ ಭಾಷಾಂತರಕ್ಕೆ ನಿಂತವನು ಮೊಮ್ಮಗ ಎನ್ನೋಣ. ಶುಶ್ರೂಷಕಿ ಬಹು ನಾಜೂಕಾಗಿ (3)ನ್ನು ಹೇಳುತ್ತಾಳೆ. ‘ಹೆಚ್ಚುಕಮ್ಮಿ’ಗೆ ಪದಕ್ಕೆ ಪದ ಇಟ್ಟರೆ ಅರ್ಥವೇ ಹೊಮ್ಮದು. ಅವನು ತಾನು ಗ್ರಹಿಸಿದ ತಾತ್ಪರ್ಯವನ್ನು ಹೇಳಬೇಕು. ಶಾಲೆ, ಕಾಲೇಜುಗಳನ್ನು ಹೊರಗೆ ಮುಗಿಸಿ ಶೇಸದಲ್ಲಿ ಪಳಗದವನಾದರೆ ಅವನ ಬಾಯಿಂದ ಬರುವುದು ‘ಶಿ’. ಕನ್ನಡದಲ್ಲಿ ಕರ್ತೃವೇ ಇಲ್ಲದಂತೆ ಹೊರಟ ಮಾತು ಅಜ್ಜಿಯನ್ನು ತಲುಪುವಾಗ ‘ನೀನು ಸತ್ತರೆ’ ಎಂದಾಗಿರುತ್ತದೆ. ಹೇಳಿದವನು ಮೊಮ್ಮಗ. ಇಂತಹ ಪ್ರಸಂಗದಲ್ಲಿ ಅಜ್ಜಿ ಮುಖ ತಿರುಗಿಸಿದರೆ ಕಡತದಲ್ಲಿ ದಾಖಲಾಗುವುದು ‘ರೋಗಿ ಚರ್ಚೆಗೆ ಒಪ್ಪಲಿಲ್ಲ’ ಎಂದು.

ತಿರುಗುದಾರಿಯಲ್ಲೂ ಎಡವಟ್ಟುಂಟು. ಟಿಬೆಟನ್ ಕ್ರಿಯಾಪದ ವ್ಯವಸ್ಥೆ ಮಾತುಗಾರನ ಇಚ್ಛೆಯನ್ನು ಗುರುತಿಸುತ್ತದೆ. ‘ನಾನು ಹೋಗುತ್ತೇನೆ’ ಎಂಬುದು ‘ಙ ಡ್ರೊ-ಕಿ-ಯಿನ್’. ಹೋಗುವುದು ನನ್ನ ಸಂಕಲ್ಪ. ‘ನಾನು ಸಾಯುತ್ತೇನೆ’ ಎಂಬುದು ‘ಙ ಶಿ-ಕಿ-ರೆ’. ಉತ್ತಮಪುರುಷವಾದರೂ ಇಚ್ಛೆಯಿಲ್ಲದ ಕ್ರಿಯೆಯಾದ್ದರಿಂದ ‘ಯಿನ್’ ಬಾರದೆ ‘ರೆ’ ಬರುತ್ತದೆ. ನಡೆಯಬೇಕಾದದ್ದು ನಡೆಯುತ್ತದೆ ಎಂಬ ತಟಸ್ಥ ಹೇಳಿಕೆ ಅದು. ಕನ್ನಡದಲ್ಲಿ ಎರಡಕ್ಕೂ ‘-ಏನೆ’ ಒಂದೇ. ಹಾಗಾಗಿಯೇ ‘ನಾನು ಸಾಯ್ತೀನಿ’ ನಮ್ಮ ಕಿವಿಗೆ ಬೆದರಿಕೆಯಾಗಿ, ಇಲ್ಲವೇ ಬೇಸರದ ಉದ್ಗಾರವಾಗಿ ಕೇಳಿಸುತ್ತದೆ. ಸಂತೆಯಲ್ಲಿ, ಹೊಲದಲ್ಲಿ ಕನ್ನಡ ಕಲಿತ ಹಿರಿಯರೊಬ್ಬರು ತಮ್ಮ ‘ರೆ’ಯ ಸಮಾಧಾನವನ್ನು ಕನ್ನಡಕ್ಕೆ ತಂದು ‘ನಾನು ಸಾಯ್ತೀನಿ’ ಎಂದರೆ, ಆ ಸಮಾಧಾನ ದಾರಿಯಲ್ಲೇ ಉದುರಿಹೋಗುತ್ತದೆ. ಶುಶ್ರೂಷಕಿ ಗಾಬರಿಯಾಗಿ (5)ನ್ನು ಹೇಳುತ್ತಾಳೆ. ತೆರೆದ ಬಾಗಿಲನ್ನು ಮುಚ್ಚಿದೆನೆಂದು ಅವಳಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಯಾವಾಗ?

ಎರಡನೆಯ ಭಾಷೆಗೆ ಆಯುಷ್ಯವಿದೆ. ಮರೆಗುಳಿತನ ಬಂದ ದ್ವಿಭಾಷಿಕರು ಮೊದಲ ಭಾಷೆಯ ಕಡೆಗೆ ಸರಿಯುತ್ತಾರೆಂದು, ಎರಡನೆಯ ಭಾಷೆಯವರೊಡನೆಯೂ ಮೊದಲ ಭಾಷೆಯನ್ನೇ ಆಡತೊಡಗುತ್ತಾರೆಂದು ಹಿಲ್ಟೆನ್‌ಸ್ಟಾಮ್ ಮತ್ತು ಸ್ಟ್ರೌಡ್ ಸ್ವೀಡನ್ನಿನ ವಲಸಿಗರಲ್ಲಿ ಗುರುತಿಸಿದರು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದ್ವಿಭಾಷಿಕರಿಗೆ ಮರೆಗುಳಿತನ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಇದು ನೆಮ್ಮದಿಯ ಸುದ್ದಿಯೇ. ಆದರೆ ತಡವಾಗಿ ಬಂದ ಮರೆವೂ ಕೊನೆಗೆ ಕನ್ನಡವನ್ನು ಮೊದಲು ಒಯ್ಯುವುದಾದರೆ, ಶುಶ್ರೂಷಕಿಗೂ ಅಜ್ಜಿಗೂ ನಡುವೆ ನೇರ ಮಾತಿಗೆ ಉಳಿದಿರುವ ಅವಧಿ ರೋಗಲಕ್ಷಣಗಳು ಸೂಚಿಸುವುದಕ್ಕಿಂತ ಚಿಕ್ಕದು. ಹನ್ನೆರಡು ತಿಂಗಳ ಒರೆಗಲ್ಲನ್ನು ಆರಂಭದ ಗುರುತಾಗಿ ಬಳಸಬಾರದು ಎನ್ನುವುದು ಇದರಿಂದಾಗಿ. ಅದು ಹೆಚ್ಚೆಂದರೆ ಮಾತು ಮುಗಿದಿರಬೇಕಾದ ಗಡುವು. ದಾಖಲಾತಿಯ ದಿನವಂತೂ ಎಲ್ಲಕ್ಕಿಂತ ಕೆಟ್ಟ ಹೊತ್ತು. ಅಂದು ‘ಹೆಚ್ಚುಕಮ್ಮಿ’ಗೆ ಒಂದೇ ಅರ್ಥ ಉಳಿದಿರುತ್ತದೆ.

ಒಳ್ಳೆಯ ಹೊತ್ತುಗಳನ್ನು ವ್ಯಾಕರಣವೇ ತೋರಿಸಿಕೊಡುತ್ತದೆ. ಊರಿನಲ್ಲಿ ಯಾರಾದರೂ ತೀರಿಕೊಂಡ ಮುಂದಿನ ವಾರಗಳಲ್ಲಿ ಪ್ರಥಮಪುರುಷವೂ ಭೂತಕಾಲವೂ ಒಟ್ಟಿಗೆ ಕೈಗೆ ಸಿಗುತ್ತವೆ. ಹಿನ್ನೋಟದ ಸೌಮ್ಯೋಕ್ತಿಗಳೆಲ್ಲ ಆಗ ಬಳಕೆಗೆ ಬರುತ್ತವೆ:

(6) ಆ ತಾತ ಆಸ್ಪತ್ರೆಯಲ್ಲಿ ಹೋದರಂತೆ, ಮನೆಯಲ್ಲೇ ಇರಬೇಕು ಅಂತ ಅವರಿಗೆ ಆಸೆಯಿತ್ತಂತೆ. ನಿಮಗೆ ಹೇಗನ್ನಿಸ್ತು ಅಜ್ಜಿ?

‘-ಅಂತೆ’ ಮಾತಿನ ಹೊಣೆಯನ್ನು ಆಡುವವರಿಂದ ಆಚೆಗಿಡುತ್ತದೆ. ‘ಹೇಗನ್ನಿಸ್ತು’ ಎಂಬುದು ಅಜ್ಜಿಯ ಅಭಿಪ್ರಾಯವನ್ನು ಕೇಳುತ್ತದೆಯೇ ಹೊರತು ಅವರ ಸಾವನ್ನಲ್ಲ. ನವಾಹೋ ಅಧ್ಯಯನದಲ್ಲಿಯೂ ಮೂರನೆಯವರ ಕಥೆಯಾಗಿ ಹೇಳುವುದು ಸಹ್ಯವಾದ ದಾರಿಯೆಂದು ಕಂಡುಬಂದಿತ್ತು. ಮೊಮ್ಮಗನ ಭಾಷಾಂತರಕ್ಕೂ ಇದು ಹಗುರ. ಮೂರನೆಯವರ ಬಗ್ಗೆ ಪದ ಆಯ್ಕೆಯಲ್ಲಿ ತಪ್ಪಿದರೆ ಅಜ್ಜಿ ತಿದ್ದಿಯಾರು, ನೊಂದುಕೊಳ್ಳಲಾರರು.

ಇನ್ನೊಂದು ಹೊತ್ತು ಹಿರಿಯರೇ ‘ಮೇಲೆ’ ಎಂದಾಗ. ಆಗ ಆರೈಕೆದಾರರು ಆ ಪದವನ್ನು ವಾಪಸು ಕೇಳಬಾರದು, ಹಾಗೆಯೇ ಮರುನುಡಿಯಲೂ ಬಾರದು. ಅವರ ವಾಕ್ಯವನ್ನು ಮುಂದುವರಿಸಬೇಕು: ‘ಆಮೇಲೆ ಏನಾಗಬೇಕು ಅಂತೀರಿ?’ ಇದು ಸಾವನ್ನು ಹೆಸರಿಸದೆ ‘ಮೇಲೆ’ಯ ಪೂರ್ವಗ್ರಹಿಕೆಯನ್ನು ಒಪ್ಪಿಕೊಳ್ಳುತ್ತದೆ. ಹಸುಗಳಿಂದ ಆರಂಭವಾದ ಮಾತು ಹಸುಗಳಲ್ಲೇ ನಿಂತರೂ ನಷ್ಟವಿಲ್ಲ. ಮುಂದಿನ ಭೇಟಿಯಲ್ಲಿ ಅದು ಮನೆ, ಆಸ್ಪತ್ರೆ, ಮಂತ್ರ ಹೇಳಬೇಕಾದ ಲಾಮಾ, ಅಲುಗಿಸಬಾರದ ದೇಹ ಎಂದು ಸರಿಯಬಹುದು.

ಬರಹಕ್ಕಿಳಿಸುವುದು ಇವೆಲ್ಲದರ ಆಚೆಗಿನ ಹಂತ, ಅಲ್ಲಿಯೂ ಭಾಷೆಯ ಪ್ರಶ್ನೆ ಕಾದಿರುತ್ತದೆ. ಭೇಟಿಯ ಟಿಪ್ಪಣಿಯಲ್ಲಿ ‘ರೋಗಿಗೆ ಬದುಕುವ ಇಚ್ಛೆಯಿಲ್ಲ’ ಎಂದು ಬರೆದರೆ ‘ಶಿ-ಕಿ-ರೆ’ಯನ್ನು ‘ಯಿನ್’ ಮಾಡಿದಂತಾಗುತ್ತದೆ. ಇಚ್ಛೆಯಿಲ್ಲದ ಕ್ರಿಯೆಗೆ ಇಚ್ಛೆಯನ್ನು ಅಂಟಿಸಿದಂತಾಗುತ್ತದೆ. ಹಿರಿಯರು ಆಡಿದ ವಾಕ್ಯವನ್ನು ಆಡಿದ ಭಾಷೆಯಲ್ಲೇ, ಕ್ರಿಯಾಪದದ ಕೊನೆಯ ಅಕ್ಷರ ಬಿಡದಂತೆ ಕನ್ನಡ ಲಿಪಿಯಲ್ಲಾದರೂ ಬರೆದುಕೊಂಡು, ಯಾರ ಮೂಲಕ ಕೇಳಿಸಿಕೊಂಡೆವೆಂಬುದನ್ನು ಪಕ್ಕದಲ್ಲಿ ಸೇರಿಸಿದರೆ, ಶೇಸ ಬಲ್ಲವರೊಬ್ಬರು ನೋಟರಿಯ ಮುಂದೆ ಅದನ್ನು ಓದಿ ಸರಿಯೇ ಎಂದು ಆ ಹಿರಿಯರನ್ನೇ ಕೇಳಲು ಸಾಧ್ಯವಾಗುತ್ತದೆ.